ದೊಡ್ಡದರ ಬೆನ್ನಿಗೆ ಚಿಕ್ಕದು: ಜೋಡಿ ಟರ್ಬೊ ಅಳತೆಯ ಹಿಂದಿನ ಕಥೆ

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಕಡೆ ನಾಲೆ ಏರಿಯಿಂದ ರಸ್ತೆಗೆ ಹತ್ತುವ ಟ್ರ್ಯಾಕ್ಟರನ್ನು ನೋಡಿ. ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು. ಏರಿನಲ್ಲಿ ಸೈಲೆನ್ಸರ್‌ನಿಂದ ಕಪ್ಪು ಹೊಗೆ ಉಕ್ಕುತ್ತದೆ. ಅದು ಪೂರ್ತಿ ಉರಿಯದ ಡೀಸೆಲ್. ಎಂಜಿನ್‌ಗೆ ಎಣ್ಣೆ ಬೇಕಾದಷ್ಟು ಸಿಗುತ್ತಿದೆ, ಗಾಳಿ ಸಾಲುತ್ತಿಲ್ಲ.

ಈ ಗಾಳಿಯ ಬರಕ್ಕೆ ಮದ್ದು ಹುಡುಕಿದವರು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಆಲ್ಫ್ರೆಡ್ ಬ್ಯೂಶಿ. ಸುಮ್ಮನೆ ಹೊರಗೆ ಹೋಗುವ ಬಿಸಿ ಹೊಗೆಯಿಂದಲೇ ಚಕ್ರ ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಉಪಾಯಕ್ಕೆ, ಇವತ್ತು ನಾವು ಟರ್ಬೊ ಅನ್ನುವುದಕ್ಕೆ, 1905ರಲ್ಲಿ ಪೇಟೆಂಟ್ ಪಡೆದರು. ಅದು ಕೈಗೂಡಲು ಇಪ್ಪತ್ತು ವರ್ಷ ಹಿಡಿಯಿತು. 1920ರ ದಶಕದ ಮಧ್ಯದಲ್ಲಿ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್‌ಗಳು ಟರ್ಬೊ ಕೂಡಿಸಿದ ಮೇಲೆ 1750 ಅಶ್ವಶಕ್ತಿಯಿಂದ 2500ಕ್ಕೆ ಏರಿದವು.

ಒಂದರ ಹಿಂದೆ ಇನ್ನೊಂದು ಟರ್ಬೊ ಇಡುವ ಯೋಚನೆಗೆ ಇನ್ನೂ ಹಳೆಯ ಬೇರಿದೆ. ಅದೇ ವಿಂಟರ್‌ಥೂರ್‌ನಲ್ಲಿ ತಯಾರಾದ ನೀಲಗಿರಿ ರೈಲಿನ ಉಗಿ ಎಂಜಿನ್ ನೆನಪಿಸಿಕೊಳ್ಳಿ. ಮೈಸೂರಿನಿಂದ ಊಟಿಗೆ ಹೋಗಿ ಅದನ್ನು ಕಂಡವರು ಎಷ್ಟೋ ಜನ. ಏರಿನಲ್ಲಿ ಉಗಿ ಮೊದಲು ಹೆಚ್ಚು ಒತ್ತಡದ ಸಿಲಿಂಡರಿನಲ್ಲಿ ಕೆಲಸ ಮಾಡಿ, ಮಿಕ್ಕ ಕಸುವಿನಿಂದ ಕಡಿಮೆ ಒತ್ತಡದ ಸಿಲಿಂಡರನ್ನೂ ತಳ್ಳುತ್ತದೆ. ಇದಕ್ಕೆ ಕಾಂಪೌಂಡ್ ಎಂದು ಹೆಸರು. ಡೀಸೆಲ್‌ನವರು ಆ ಹೆಸರನ್ನೇ ತೆಗೆದುಕೊಂಡರು. ಹೊಗೆಯ ಚಕ್ರವನ್ನು ಗಿಯರ್ ಮೂಲಕ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿಗೇ ಜೋಡಿಸುವ ಟರ್ಬೊ ಕಾಂಪೌಂಡ್ ಎಂಬುದೂ ಒಂದಿದೆ, ಅದು ಬೇರೆಯೇ ಯಂತ್ರ.

ಒಂದೇ ಟರ್ಬೊ ಯಾಕೆ ಸಾಲದು? ಸಾಮಾನ್ಯ ಟರ್ಬೊ ಹೊರಗಿನ ಗಾಳಿಯನ್ನು ಮೂರು, ಮೂರೂವರೆ ಪಟ್ಟು ಒತ್ತುವವರೆಗೆ ನೆಮ್ಮದಿಯಾಗಿರುತ್ತದೆ. ಅದರಾಚೆಗೆ ಶಾಫ್ಟಿನ ವೇಗ ಅಪಾಯದ ಅಂಚಿಗೆ ಬರುತ್ತದೆ, ಗಾಳಿ ಒತ್ತಡಕ್ಕಿಂತ ಬಿಸಿ ಏರಿಸಿಕೊಳ್ಳುವುದೇ ಹೆಚ್ಚು. ಹೆಚ್ಚು ಗಾಳಿ ಕೊಡಲೆಂದು ಟರ್ಬೊವನ್ನೇ ದೊಡ್ಡದು ಮಾಡಿದರೆ ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಧಾನ ತಿರುಗುವಾಗ, ಅದು ಎದ್ದೇಳುವುದೇ ಇಲ್ಲ. ಜೋಡಿಯಲ್ಲಿ ಗಾಳಿ ಮೊದಲು ದೊಡ್ಡ ಟರ್ಬೊಗೆ, ಅಲ್ಲಿಂದ ಚಿಕ್ಕದಕ್ಕೆ ಹೋಗುತ್ತದೆ. ಹೊಗೆಯ ದಾರಿ ತಿರುಗಾಮುರುಗಾ, ಮೊದಲು ಚಿಕ್ಕದು, ಆಮೇಲೆ ದೊಡ್ಡದು. 2004ರಲ್ಲಿ ಬಿಎಂಡಬ್ಲ್ಯು ತನ್ನ ಡೀಸೆಲ್ ಕಾರಿನಲ್ಲಿ ಚಿಕ್ಕದು ದೊಡ್ಡದರ ಇಂಥ ಜೋಡಿಯನ್ನು ತಂದಿತು.

ಅಳತೆಯ ವಿಷಯಕ್ಕೆ ಬಂದರೆ, ನಮ್ಮ ಕಡೆ ಬಹಳ ಮಂದಿ ತಪ್ಪುವುದು ಮೊದಲ ಹೆಜ್ಜೆಯಲ್ಲೇ. ಎರಡು ಟರ್ಬೊ ಒತ್ತಡ ಕೂಡುವುದಿಲ್ಲ, ಗುಣಿಸುತ್ತದೆ. ಎರಡರ ಮೇಲೆ ಎರಡು ಪಟ್ಟು ಎಂದರೆ ನಾಲ್ಕು ಪಟ್ಟು. ಅದೂ ಗೇಜಿನ ಅಂಕಿಯಿಂದಲ್ಲ (ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಹೆಚ್ಚಾದ ಒತ್ತಡವನ್ನು, ಅಂದರೆ ಬೂಸ್ಟನ್ನು ಮಾತ್ರ), ಊರಿನ ಗಾಳಿಯ ಒತ್ತಡ ಸೇರಿಸಿ ಹಿಡಿದ ಲೆಕ್ಕ. ಮಂಗಳೂರಿನಲ್ಲಿ ಗಾಳಿಯ ಒತ್ತಡ 1.01 ಬಾರ್. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿರುವ ಮೈಸೂರಿನಲ್ಲಿ ಸುಮಾರು 0.92. ಗೇಜಿನಲ್ಲಿ 3 ಬಾರ್ ಬೇಕೆಂದರೆ ಮಂಗಳೂರಿನಲ್ಲಿ ಸುಮಾರು 3.97 ಪಟ್ಟು ಸಾಕು, ಮೈಸೂರಿನಲ್ಲಿ 4.26 ಬೇಕು. ಮೈಸೂರಿನ 4.26ರ ವರ್ಗಮೂಲ ತೆಗೆದರೆ ಒಂದೊಂದು ಟರ್ಬೊಗೆ 2.06. ಲೆಕ್ಕ ಶುರುವಾಗುವುದು ಇಲ್ಲಿಂದ.

4 ಲೀಟರಿನ ಎಂಜಿನ್, 2200 ಆರ್‌ಪಿಎಂ ಎಂದಿಟ್ಟುಕೊಳ್ಳಿ. ಟರ್ಬೊ ಇಲ್ಲದೆ ಅದು ಮೈಸೂರಿನ 30 ಡಿಗ್ರಿ ಗಾಳಿಯಲ್ಲಿ ನಿಮಿಷಕ್ಕೆ ಸುಮಾರು 4.2 ಕೆಜಿ ಗಾಳಿ ಹೀರುತ್ತದೆ. ಜೋಡಿ ಟರ್ಬೊ ಹಾಕಿ, ಕೊನೆಗೆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಲ್ಲಿ 60 ಡಿಗ್ರಿಗೆ ಇಳಿಸಿದರೆ 16 ಕೆಜಿ. ದೊಡ್ಡ ಟರ್ಬೊವನ್ನು ಈ 16 ಕೆಜಿಗೆ ಆರಿಸಬೇಕು. ಚಿಕ್ಕದರ ಮೂಲಕ ಹಾಯುವುದೂ 16 ಕೆಜಿಯೇ, ಆದರೆ ಅದರ ಬಾಯಿಗೆ ಬರುವ ಗಾಳಿ ಆಗಲೇ ಎರಡು ಪಟ್ಟು ಒತ್ತಿಸಿಕೊಂಡು, ಸುಮಾರು 125 ಡಿಗ್ರಿಗೆ ಕಾದಿರುತ್ತದೆ. ಒತ್ತಡ, ಬಿಸಿ ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಕಂಪ್ರೆಸರ್ ನಕ್ಷೆಯ ಮೇಲೆ (ಟರ್ಬೊ ಎಷ್ಟು ಗಾಳಿಯನ್ನು ಎಷ್ಟು ಪಟ್ಟು ಒತ್ತಬಲ್ಲದು ಎಂದು ತೋರಿಸುವ ಚಿತ್ರ) ಅದು ಕಾಣುವುದು ಸುಮಾರು 9 ಕೆಜಿಯಾಗಿ. ನೂರಕ್ಕೆ ಐವತ್ತಾರರಷ್ಟು, ಅಷ್ಟೆ.

ನಮ್ಮ ಕಡೆಯ ಗ್ಯಾರೇಜೊಂದರಲ್ಲಿ ಗುಜರಿಯಿಂದ ತಂದ, ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಟರ್ಬೊ ಕೂಡಿಸಿದ್ದನ್ನು ನೋಡಿದ್ದೇನೆ. ಚಿಕ್ಕದಾಗಬೇಕಿದ್ದದ್ದು ದೊಡ್ಡದಾಗಿತ್ತು. ಆಕ್ಸಿಲರೇಟರ್ ಒತ್ತಿದರೆ ಗಾಳಿ ಹಿಂದಕ್ಕೆ ಬಡಿದು ಖರಖರ ಸದ್ದು. ಇದನ್ನೇ ಸರ್ಜ್ ಅನ್ನುವುದು. ಬೇರಿಂಗ್ ಹೆಚ್ಚು ದಿನ ಬಾಳಲಿಲ್ಲ. ಅದನ್ನು ಕೂಡಿಸಲು ಆ ಹುಡುಗರು ಪಟ್ಟ ಶ್ರಮ ಕಂಡಿದ್ದ ನನಗೆ ಬಹಳ ಬೇಸರವಾಯಿತು. ಚಿಕ್ಕದು ತೀರಾ ಚಿಕ್ಕದಾದರೂ ಕಷ್ಟವೇ. ಹೊಗೆ ಅದರ ಟರ್ಬೈನಿನಲ್ಲಿ, ಅಂದರೆ ಹೊಗೆ ತಿರುಗಿಸುವ ಚಕ್ರದಲ್ಲಿ, ಸಿಕ್ಕಿಕೊಂಡು ಎಂಜಿನ್ನನ್ನೇ ಉಸಿರುಗಟ್ಟಿಸುತ್ತದೆ. ಅದಕ್ಕೇ ಚಿಕ್ಕದರ ಪಕ್ಕ ದೊಡ್ಡ ವೇಸ್ಟ್‌ಗೇಟ್ ಎಂಬ ಬಾಗಿಲಿಟ್ಟು ಹೆಚ್ಚಾದ ಹೊಗೆಯನ್ನು ನೇರವಾಗಿ ದೊಡ್ಡದಕ್ಕೆ ಬಿಡುತ್ತಾರೆ. ಎಂಜಿನ್ನಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೊಂದು ಪ್ರೆಶರ್ ಗೇಜ್ ಹಾಕಿ ಅಳೆಯದೆ ಆ ವೇಸ್ಟ್‌ಗೇಟಿನ ಗಾತ್ರ ನಿರ್ಧರಿಸಬೇಡಿ.

ಟರ್ಬೊ ಇಲ್ಲದ ಡೀಸೆಲ್ ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಹಿಂಡುವ ಪ್ರಮಾಣ, ಸಾಮಾನ್ಯವಾಗಿ 17, 18ಕ್ಕೆ 1 ಇರುತ್ತದೆ. ಅದರ ಮೇಲೆ ನಾಲ್ಕು ಪಟ್ಟು ಗಾಳಿ ತುಂಬಿದರೆ ಸಿಲಿಂಡರಿನ ಮುಚ್ಚಳವನ್ನು ಬಿಗಿಯಾಗಿಡುವ ಹೆಡ್ ಗ್ಯಾಸ್ಕೆಟ್, ಹೆಡ್ ಸ್ಟಡ್ ತಡೆಯವು. ಕಂಪ್ರೆಷನ್ ಇಳಿಸಲೇಬೇಕು. ರಸ್ತೆಗಿಳಿಯುವ ಗಾಡಿಯನ್ನು ಹೀಗೆ ಮನಸ್ಸಿಗೆ ಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಬಿಡುವುದೂ ಇಲ್ಲ.

ಸರಿಯಾಗಿ ಅಳೆದ ಜೋಡಿಗೂ ಅದರ ಊರೊಂದಿದೆ. ಮೈಸೂರಿಗೆ ಹೊಂದಿಸಿದ್ದನ್ನು ಅದೇ 3 ಬಾರ್ ಬೂಸ್ಟಿನಲ್ಲಿ ಊಟಿಗೆ ಹತ್ತಿಸಿದರೆ, ಅಲ್ಲಿನ ಗಾಳಿಯ ಒತ್ತಡ ಸುಮಾರು 0.77 ಬಾರ್, ಆಗ ಬೇಕಾಗುವುದು 4.9 ಪಟ್ಟು. ಒಂದೊಂದಕ್ಕೆ 2.2. ದೊಡ್ಡದರ ನಕ್ಷೆಯಲ್ಲಿ ಅಷ್ಟು ಜಾಗ ಮೊದಲೇ ಬಿಟ್ಟಿರಬೇಕು, ಇಲ್ಲವೇ ಗೂಡಲೂರು ದಾಟಿ ಘಾಟಿ ಶುರುವಾಗುವ ಮೊದಲು ಬೂಸ್ಟ್ ಇಳಿಸಿಕೊಳ್ಳಬೇಕು.