ಐಸ್ ಒಂದು ಕಡೆ, ಸೀಳು ಇನ್ನೊಂದು ಕಡೆ

2021ರ ಫೆಬ್ರವರಿ 16ರ ಬೆಳಗ್ಗೆ ಅಮೆರಿಕದ ಡಲ್ಲಾಸ್‌ನಲ್ಲಿ ಚಳಿ ಮೈನಸ್ 19 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಸೆಕೆಗೆ ಹೆಸರಾದ ಟೆಕ್ಸಸ್ ರಾಜ್ಯ ಅದು. ಅಲ್ಲಿ ಎಷ್ಟೋ ಮನೆಗಳ ನೀರಿನ ಪೈಪು ಅಟ್ಟದ ಮೇಲೆ ಅಥವಾ ಹೊರಗೋಡೆಯೊಳಗೆ ಹೋಗಿರುತ್ತದೆ. ಅದೇ ಹೊತ್ತಿಗೆ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು. ಹೀಟರ್ ನಿಂತು ಮನೆ ತಣ್ಣಗಾಯಿತು. ಚಳಿ ಇಳಿದ ಮೇಲೆ ಸೀಲಿಂಗಿನಿಂದ ನೀರು ಸುರಿಯತೊಡಗಿತು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಕನ್ನಡಿಗರೂ ಸಾಕಷ್ಟಿದ್ದಾರೆ. ನಲ್ಲಿಯಲ್ಲಿ ನೀರು ಬರದ ಚಿಂತೆ ನಮಗೆ ಊರಲ್ಲೇ ಗೊತ್ತು. ಬಂದ ನೀರು ಪೈಪಿನೊಳಗೇ ಕಲ್ಲಾಗುವ ಚಿಂತೆ ಮಾತ್ರ ಹೊಸದು.

ಇಂಥ ಪೈಪು ಹೇಗೆ ಒಡೆಯುತ್ತದೆ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ. ನೀರು ಐಸ್ ಆದಾಗ ಉಬ್ಬುತ್ತದೆ, ಪೈಪನ್ನು ಒಳಗಿನಿಂದ ತಳ್ಳಿ ಸೀಳುತ್ತದೆ. ಉಬ್ಬುವುದು ನಿಜ, ಸುಮಾರು ಶೇ. 9ರಷ್ಟು. ಫ್ರೀಜರಿನಲ್ಲಿ ಮರೆತ ಗಾಜಿನ ಬಾಟಲಿ ಒಡೆಯುವುದು ಅದಕ್ಕೇ. ಆದರೆ ಪೈಪು ಬಾಟಲಿಯಲ್ಲ, ಅದರ ಒಂದು ತುದಿ ಬೀದಿಯ ದೊಡ್ಡ ಪೈಪಿಗೆ ತೆರೆದುಕೊಂಡಿದೆ. ಐಸ್ ಪೈಪಿನ ಒಳಮೈಗೆ ಅಂಟಿ, ನಡುವಿನ ಕಡೆಗೆ ಬೆಳೆಯುತ್ತದೆ. ಜಾಗ ಸಾಲದ ನೀರು ಸುಮ್ನೆ ಹಿಂದಕ್ಕೆ, ಬೀದಿಯ ಕಡೆಗೆ ಸರಿದುಬಿಡುತ್ತದೆ. ಅಲ್ಲಿಯವರೆಗೆ ಯಾವ ಅಪಾಯವೂ ಇಲ್ಲ.

ಅಪಾಯ ಶುರುವಾಗುವುದು ಐಸ್ ಪೈಪನ್ನು ಪೂರ್ತಿ ಮುಚ್ಚಿದಾಗ. ಈಗ ಒಂದು ಕಡೆ ಐಸಿನ ಬಿರಡೆ, ಇನ್ನೊಂದು ಕಡೆ ಬಿಗಿಯಾಗಿ ಮುಚ್ಚಿದ ನಲ್ಲಿ. ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿಯಿಲ್ಲ. ಬಿರಡೆ ಬೆಳೆದಂತೆಲ್ಲ ಆ ನೀರನ್ನು ದಬ್ಬುತ್ತದೆ. ಪಿಚಕಾರಿಯ ತೂತಿಗೆ ಬೆರಳಿಟ್ಟು ಹಿಂದಿನಿಂದ ಒತ್ತಿದ ಹಾಗೆ. ಗಾಳಿಯನ್ನು ಅದುಮಬಹುದು, ನೀರು ಅದುಮಿಸಿಕೊಳ್ಳುವುದಿಲ್ಲ. ಒತ್ತಡ ಮಾಮೂಲಿಗಿಂತ ಹತ್ತಾರು ಪಟ್ಟು ಏರುತ್ತದೆ. ಕೊನೆಗೆ ಎಲ್ಲಿ ಪೈಪು ದುರ್ಬಲವೋ ಅಲ್ಲಿ ಸೀಳುತ್ತದೆ. ಆ ಜಾಗದಲ್ಲಿ ಐಸ್ ಇರಲೇಬೇಕೆಂದಿಲ್ಲ. ಅಟ್ಟದಲ್ಲಿ ಹೆಪ್ಪುಗಟ್ಟಿ, ಬೆಚ್ಚಗಿನ ಬಚ್ಚಲಿನ ಗೋಡೆಯೊಳಗೆ ಒಡೆಯಬಹುದು.

1990ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಪೈಪುಗಳನ್ನು ಬೇಕೆಂದೇ ಹೆಪ್ಪುಗಟ್ಟಿಸಿ ನೋಡಿದರು. ಅವರಿಗೆ ಕಂಡದ್ದೂ ಇದೇ. ಹೊರಗಿನ ಚಳಿ ಸುಮಾರು ಮೈನಸ್ 7 ಡಿಗ್ರಿಗೆ ಇಳಿದಾಗ, ಹೊದಿಕೆಯಿಲ್ಲದ ಅಟ್ಟದ ಪೈಪುಗಳಲ್ಲಿ ಐಸ್ ಕಟ್ಟತೊಡಗಿತು. ಸೊನ್ನೆಗೇ ಏಕೆ ಆಗಲಿಲ್ಲ? ಪೈಪಿನ ನೀರು ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿಳಿದರೂ ಕೆಲಕಾಲ ನೀರಾಗಿಯೇ ಉಳಿಯಬಲ್ಲದು. ಆಮೇಲೆ ಇದ್ದಕ್ಕಿದ್ದಂತೆ ಗರಿಯಂಥ ಐಸ್ ಎಳೆಗಳು ಪೈಪಿನುದ್ದಕ್ಕೂ ಹರಡುತ್ತವೆ.

ಇದು ತಿಳಿದರೆ ಅಲ್ಲಿನವರು ಚಳಿಯ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡುವುದು ಏಕೆಂದು ಅರ್ಥವಾಗುತ್ತದೆ. ನಮ್ಮ ಮನೆಗಳಲ್ಲಿ ನಲ್ಲಿ ತೊಟ್ಟಿಕ್ಕಿದರೆ ಅಮ್ಮ ಬೈಯುತ್ತಾರೆ, ಅಲ್ವಾ? ಅಲ್ಲಿ ಅದೇ ಹನಿ ಮನೆ ಉಳಿಸುತ್ತದೆ. ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ ಎನ್ನುವುದಷ್ಟೇ ಕಾರಣವಲ್ಲ. ಹನಿ ಹನಿ ನೀರು ತರುವ ಶಾಖ ತೀರಾ ಕಡಿಮೆ. ಮುಖ್ಯವಾದದ್ದು ತೆರೆದ ಬಾಯಿ. ಐಸ್ ಕಟ್ಟಿದರೂ ಸಿಕ್ಕಿಕೊಂಡ ನೀರಿಗೆ ಹೊರದಾರಿ ಇರುತ್ತದೆ, ಒತ್ತಡ ಏರುವುದಿಲ್ಲ. ಹಾಗಾಗಿ ಹನಿ ನಿಂತುಹೋಯಿತೆಂದು ನಲ್ಲಿ ಮುಚ್ಚಬಾರದು. ಬಿರಡೆ ಕಟ್ಟಿರುವುದರ ಸೂಚನೆಯೇ ಅದು. ಬಿಸಿನೀರಿನ ನಲ್ಲಿಗೂ ಇದೇ ಮಾತು.

ಆದರೆ ಇದಕ್ಕೂ ಮಿತಿಯಿದೆ. ಊರಿಗೆ ಊರೇ ನಲ್ಲಿ ಬಿಟ್ಟರೆ ಬೀದಿಯ ಪೈಪಿನಲ್ಲಿ ಒತ್ತಡ ಕುಸಿಯುತ್ತದೆ. 2021ರಲ್ಲಿ ಹ್ಯೂಸ್ಟನ್‌ನಲ್ಲಿ ನಲ್ಲಿ ಹರಿಯಲು ಬಿಡಬೇಡಿ ಎಂದು ಮೇಯರ್ ಅವರೇ ಜನರನ್ನು ಕೇಳಿಕೊಳ್ಳಬೇಕಾಯಿತು. ಆಗ ಉಳಿಯುವ ದಾರಿ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗಳನ್ನೆಲ್ಲ ತೆರೆದು ಪೈಪು ಖಾಲಿ ಮಾಡುವುದು. ಖಾಲಿ ಪೈಪು ಒಡೆಯುವುದಿಲ್ಲ.

ಪೈಪಿಗೆ ಸುತ್ತುವ ಫೋಮ್ ಹೊದಿಕೆಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಕಂಬಳಿ ನಮ್ಮನ್ನು ಬೆಚ್ಚಗಿಡುತ್ತದೆ, ಏಕೆಂದರೆ ಶಾಖ ನಮ್ಮ ಮೈಯಲ್ಲೇ ಇದೆ. ಕಲ್ಲಿಗೆ ಕಂಬಳಿ ಹೊದಿಸಿದರೆ ಕಲ್ಲು ಬೆಚ್ಚಗಾಗದು. ನಿಂತ ನೀರೂ ಹಾಗೆಯೇ. ಹೊದಿಕೆ ತಣ್ಣಗಾಗುವುದನ್ನು ಕೆಲವು ಗಂಟೆ ತಡಮಾಡುತ್ತದೆ, ಅಷ್ಟೇ. ಒಂದು ರಾತ್ರಿಯ ಚಳಿಗೆ ಅದು ಸಾಕು, ನಾಲ್ಕು ದಿನದ ಚಳಿಗೆ ಸಾಲದು. ಅಟ್ಟದಲ್ಲಿ ಹೊದಿಕೆಯನ್ನು ಪೈಪಿನ ಕೆಳಗೆ ಹಾಸಿದರಂತೂ ಕೆಟ್ಟದ್ದೇ ಆಗುತ್ತದೆ. ಕೆಳಗಿನ ಕೋಣೆಯ ಶಾಖ ಪೈಪಿಗೆ ತಲುಪದಂತೆ ನಾವೇ ತಡೆದ ಹಾಗೆ. ಅದು ಪೈಪನ್ನೂ ಸೇರಿಸಿ ಮೇಲಿನಿಂದ ಮುಚ್ಚಬೇಕು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ ಎನ್ನುವುದೂ ಕೋಣೆಯ ಶಾಖ ಪೈಪಿಗೆ ಸಿಗಲಿ ಎಂದೇ. ಗೋಡೆಯ ಸಂದಿಯಿಂದ ನುಗ್ಗುವ ಗಾಳಿಯನ್ನು ಮುಚ್ಚುವುದು ಇನ್ನೂ ಒಳ್ಳೆಯದು. ತೋಟದ ನಲ್ಲಿಯಿಂದ ಹೋಸ್ ಪೈಪನ್ನು ಚಳಿಗೆ ಮುಂಚೆಯೇ ಕಳಚಿಡಬೇಕು.

ಪೈಪು ಕಟ್ಟಿಯೇಬಿಟ್ಟರೆ ಬೆಂಕಿ ಹಿಡಿಯಬೇಡಿ, ಮನೆಗೇ ಹತ್ತಿಕೊಳ್ಳುತ್ತದೆ. ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರುಮಾಡಿ ಹೇರ್ ಡ್ರೈಯರ್‌ನಿಂದ ನಿಧಾನವಾಗಿ ಬಿಸಿಮಾಡಿ. ಸೀಳು ಬಿಟ್ಟಿದ್ದರೂ ಐಸ್ ಇರುವಷ್ಟು ಹೊತ್ತು ಅದೇ ಬಿರಡೆ ನೀರನ್ನು ತಡೆದಿರುತ್ತದೆ. ನೀರು ಸುರಿಯುವುದು ಅದು ಕರಗಿದ ಮೇಲೆ. ಆದ್ದರಿಂದ ಬಿಸಿಮಾಡುವಾಗ ಮನೆಯ ಇನ್ನೊಬ್ಬರು ಮುಖ್ಯ ವಾಲ್ವ್ ಪಕ್ಕದಲ್ಲೇ ನಿಂತಿರಲಿ.