ಕಿಟಕಿ ಮುಚ್ಚಿದರೆ ಕಾಗದ ಕಳೆದುಹೋಗಲ್ಲ

"ಅರ್ಧ ಪುಟ ಬರೆದಿದ್ದೆ, ವಿಂಡೋ ಮುಚ್ಚಿಕೊಂಡಿತು, ಎಲ್ಲಾ ಹೋಯ್ತು!" ಈಮ್ಯಾಕ್ಸ್ ಎಡಿಟರ್ (ಬರಹ ಬರೆದು ತಿದ್ದುವ ಪ್ರೋಗ್ರಾಂ) ಒಳಗೆ ಮೇಲ್ ಓದಲು ಶುರು ಮಾಡಿದವರು ಒಂದಲ್ಲ ಒಂದು ದಿನ ಹೀಗೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ನಾನೂ ಕೂತಿದ್ದೇನೆ. ಕಂಟ್ರೋಲ್-ಎಕ್ಸ್ ಒತ್ತಿ, ಸುಮ್ನೆ ಏನೋ ಯೋಚಿಸುತ್ತಾ 0 ಒತ್ತಿಬಿಟ್ಟಿದ್ದೆ. ಹಾಗೆ ಒತ್ತಿದರೆ ವಿಂಡೋ ಮುಚ್ಚಿಕೊಳ್ಳುತ್ತದೆ. ಇಂಥ ಹೊತ್ತಿನಲ್ಲಿ "ಇವತ್ತು ಗ್ರಹಚಾರ ಸರಿಯಿಲ್ಲ" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈಮ್ಯಾಕ್ಸ್‌ನಲ್ಲಿ ಬರಹ ಇರುವುದು ಬಫರ್‌ನಲ್ಲಿ, ಅಂದರೆ ಕಂಪ್ಯೂಟರ್‌ನ ನೆನಪಿನಲ್ಲಿ. ವಿಂಡೋ ಅನ್ನುವುದು ಅದನ್ನು ಇಣುಕಿ ನೋಡುವ ಕಿಂಡಿ ಅಷ್ಟೆ. ಕಿಂಡಿ ಮುಚ್ಚಿದರೆ ಹಿತ್ತಲಲ್ಲಿ ಕಟ್ಟಿದ ಹಸು ಮಾಯವಾಗುತ್ತದೆಯೇ? ಒಂದೇ ಬಫರಿಗೆ ಎರಡು ಕಿಂಡಿ ತೆರೆದು ಒಂದರಲ್ಲಿ ಹಸುವಿನ ತಲೆ, ಇನ್ನೊಂದರಲ್ಲಿ ಬಾಲ ನೋಡಬಹುದು. ನಾವೆಲ್ಲ ಮೌಸ್ ಹಿಡಿದು ಎಳೆದಾಡುವ ವಿಂಡೋಗೆ ಇಲ್ಲಿ ಫ್ರೇಮ್ ಅಂತ ಹೆಸರು. ಈ ಗೊಂದಲಕ್ಕೆ ವಯಸ್ಸೇ ಕಾರಣ. ಈಮ್ಯಾಕ್ಸ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿಯ ಲ್ಯಾಬಿನಲ್ಲಿ, ಟೆಕೋ ಎಂಬ ಎಡಿಟರ್‌ನ ಮ್ಯಾಕ್ರೋಗಳ (ಆಜ್ಞೆಗಳನ್ನು ಪೋಣಿಸಿಟ್ಟ ಸರಗಳ) ಗಂಟಾಗಿ. ರಿಚರ್ಡ್ ಸ್ಟಾಲ್ಮನ್ ಅದನ್ನು ಗ್ನೂ ಎಂಬ ಸ್ವತಂತ್ರ ತಂತ್ರಾಂಶ ಯೋಜನೆಗಾಗಿ ಹೊಸದಾಗಿ ಬರೆದು 1985ರಲ್ಲಿ ಹೊರಬಿಟ್ಟರು. ಮನೆಮನೆಗೆ ಮೌಸ್ ಬಂದದ್ದು ಇನ್ನೂ ಎಷ್ಟೋ ಆಮೇಲೆ.

ಅದರೊಳಗೆ ಮೇಲ್ ಓದಿಸುವ ಗ್ನೂಸ್‌ನದು ಇನ್ನೊಂದು ಕಥೆ. ಮೊದಲು ಬರೆದವರು ಮಸನೋಬು ಉಮೆಡಾ, ಯೂಸ್‌ನೆಟ್ ಎಂಬ ಹಳೆಯ ಚರ್ಚಾಗುಂಪುಗಳ ಜಾಲದ ಸುದ್ದಿ ಓದುವುದಕ್ಕೆ. 1994ರಲ್ಲಿ ಲಾರ್ಸ್ ಮಾಗ್ನೆ ಇಂಗೆಬ್ರಿಗ್‌ಟ್ಸೆನ್ ಬೇಜಾರು ಹಿಡಿದು ಅದನ್ನು ಪೂರಾ ತಿರುಗಿ ಬರೆದರು. ಬೇಜಾರು ಅನ್ನುವ ಮಾತು ನನ್ನದಲ್ಲ, ಕೈಪಿಡಿಯಲ್ಲೇ ಇದೆ! ಸುದ್ದಿ ಓದಿಸಲು ಹುಟ್ಟಿದ್ದರಿಂದ ಗ್ನೂಸ್‌ಗೆ ಮೇಲ್ ಕೂಡ ಸುದ್ದಿಯೇ. ಗುಂಪುಗಳ ಪಟ್ಟಿ, ಅದನ್ನು ತೆರೆದರೆ ವಿಷಯಗಳ ಪಟ್ಟಿ, ಅದನ್ನು ತೆರೆದರೆ ಕಾಗದ. ಬಫರ್ ಮೂರು, ಪರದೆ ಒಂದೇ. ಜಗಳ ಹುಟ್ಟುವುದು ಇಲ್ಲೇ.

ಈ ಜಗಳವನ್ನು ಗ್ನೂಸ್ ಬಗೆಹರಿಸುವ ರೀತಿ ನನಗೆ ಬಹಳ ಇಷ್ಟ. ಅದು ಪರದೆಯ ಫೋಟೋ ತೆಗೆದಿಟ್ಟುಕೊಳ್ಳುವುದಿಲ್ಲ, ಪಾಲುಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಕಾಗದ ಓದುವಾಗ ಒಂದರ ಕೆಳಗೊಂದು ಎರಡು ಪಾಲು: ವಿಷಯಪಟ್ಟಿಗೆ 0.25, ಕಾಗದಕ್ಕೆ 1.0. ಒಟ್ಟು ಒಂದೂಕಾಲು ಆಯ್ತಲ್ಲ ಅನ್ನಬೇಡಿ. ಇಲ್ಲಿ 1.0 ಅಂದರೆ "ಉಳಿದದ್ದೆಲ್ಲ". 40 ಸಾಲಿನ ಪರದೆಯಲ್ಲಿ ಪಟ್ಟಿಗೆ 10, ಕಾಗದಕ್ಕೆ 30. ದೊಡ್ಡ ಮಾನಿಟರ್‌ನಲ್ಲಿ 60 ಸಾಲಿದ್ದರೆ 15 ಮತ್ತು 45. ದೋಸೆ ಹಿಟ್ಟಿಗೆ ಒಂದು ಪಾಲು ಉದ್ದು, ಮೂರು ಪಾಲು ಅಕ್ಕಿ ಅನ್ನುತ್ತೇವೆ, ಅಲ್ವಾ? ನಾಲ್ಕು ಜನ ಬರಲಿ, ನಲವತ್ತು ಜನ ಬರಲಿ, ಅಳತೆ ಅದೇ.

ಪಾಲಿನೊಳಗೆ ಪಾಲೂ ಆಗಬಹುದು. ಎಡಗಡೆ 25 ಅಕ್ಷರದಷ್ಟು ಅಗಲ ಗುಂಪುಗಳಿಗೆ ಕೊಟ್ಟು, ಬಲಗಡೆ ಉಳಿದದ್ದನ್ನು ಮತ್ತೆ ಮೇಲೆ-ಕೆಳಗೆ ಸೀಳಬಹುದು. ಅಪ್ಪನ ಹೊಲ ಇಬ್ಬರು ಮಕ್ಕಳಿಗೆ ಹಂಚಿಕೆಯಾಗಿ, ಕಿರಿಯವನು ತನ್ನ ಭಾಗವನ್ನು ತನ್ನ ಮಕ್ಕಳಿಗೆ ಹಂಚಿದ ಹಾಗೆ. ಆ ಮಕ್ಕಳು ತಮ್ಮತಮ್ಮಲ್ಲಿ ಬದು ಎಷ್ಟೇ ಸರಿಸಿಕೊಳ್ಳಲಿ, ದೊಡ್ಡಪ್ಪನ ಹೊಲ ಅಲುಗುವುದಿಲ್ಲ. (ಊರಿನ ಬದುಗಳೂ ಹೀಗಿದ್ದಿದ್ದರೆ ವಕೀಲರಿಗೆ ಕೆಲಸ ಕಮ್ಮಿಯಾಗುತ್ತಿತ್ತು.) ಕಂಪ್ಯೂಟರ್‌ನವರು ಇದನ್ನು ಟ್ರೀ ಅನ್ನುತ್ತಾರೆ. ಷರತ್ತು ಒಂದೇ: ಪ್ರತಿ ಸೀಳಿನಲ್ಲೂ "ಉಳಿದದ್ದೆಲ್ಲ" ಒಬ್ಬರಿಗೆ ಮಾತ್ರ.

ಇಂಥ ಸೀಳಿಗೆ ಗ್ನೂಸ್‌ನಲ್ಲಿ ವರ್ಟಿಕಲ್ ಅಂದರೆ ಒಂದರ ಕೆಳಗೊಂದು. ವಿಮ್ ಎಂಬ ಇನ್ನೊಂದು ಎಡಿಟರ್ ಬಳಸಿ ಬಂದವರಿಗೆ ಇದು ಉಲ್ಟಾ. ಅಲ್ಲಿ ವರ್ಟಿಕಲ್ ಅಂದರೆ ಪಕ್ಕಪಕ್ಕ.

ಪಾಲುಪಟ್ಟಿಯಲ್ಲಿ ಯಾರ ಮುಂದೆ "ಪಾಯಿಂಟ್" ಅಂತ ಬರೆದಿದೆಯೋ ಕರ್ಸರ್ ಅವರ ಹತ್ತಿರ ಕೂರುತ್ತದೆ. ಓದುವಾಗ ಅದು ವಿಷಯಪಟ್ಟಿಯಲ್ಲೇ ಇರುತ್ತದೆ. ಅಲ್ಲಿಂದಲೇ ಸ್ಪೇಸ್ ಒತ್ತುತ್ತಾ ಹೋದರೆ ಕೆಳಗಿನ ಕಾಗದ ಉರುಳುತ್ತದೆ. ಉತ್ತರ ಬರೆಯುವಾಗಿನ ಜಾಣತನ ಇನ್ನೂ ಚೆನ್ನ. ಸಣ್ಣ ಆರ್ ಒತ್ತಿದರೆ ಮೂಲ ಕಾಗದ ಮೇಲರ್ಧದಲ್ಲಿ, ನಿಮ್ಮ ಉತ್ತರ ಕೆಳಗರ್ಧದಲ್ಲಿ. ದೊಡ್ಡ ಆರ್ ಒತ್ತಿದರೆ ಪೂರ್ತಿ ಜಾಗ ಉತ್ತರಕ್ಕೇ, ಯಾಕೆಂದರೆ ಮೂಲ ಕಾಗದ ಆಗಲೇ ಅದರೊಳಗೆ ಬಂದು ಕೂತಿರುತ್ತದೆ. ಮತ್ತೆ ಮೇಲೆ ತೋರಿಸಿ ಏನು ಪ್ರಯೋಜನ?

ನನ್ನ ಅರ್ಧ ಪುಟದ ವಿಷಯಕ್ಕೆ ಬರುತ್ತೇನೆ. ವಿಂಡೋಗಳ ಹಿಂದಿನ ಜೋಡಣೆ ನೆನಪಿಟ್ಟುಕೊಳ್ಳುವ ವಿನ್ನರ್ ಮೋಡ್ ಹಾಕಿಕೊಂಡಿದ್ದರೆ ಕಂಟ್ರೋಲ್-ಸಿ ಒತ್ತಿ ಎಡ ಬಾಣ ಒತ್ತಿದರೆ ಸಾಕಿತ್ತು, ಮೊದಲಿದ್ದ ಜೋಡಣೆ ವಾಪಸ್. ನಾನು ಹಾಕಿಕೊಂಡಿರಲಿಲ್ಲ. ಬಫರ್‌ಗಳ ಪಟ್ಟಿ ತೆರೆದೆ. ಮಧ್ಯದಲ್ಲೆಲ್ಲೋ ಒಂದು ಸಾಲು, "ಅನ್‌ಸೆಂಟ್" ಅಂತ ಶುರುವಾಗುವ ಹೆಸರು. ಎಂಟರ್ ಒತ್ತಿದೆ. ಬರೆದು ನಿಲ್ಲಿಸಿದ ಅರ್ಧ ವಾಕ್ಯದ ತುದಿಯಲ್ಲಿ ಕರ್ಸರ್ ಮಿಣುಕುತ್ತಿತ್ತು.