ಓದುಗರ ಪ್ರಶ್ನೆ: ಕಣ್ಣು ಕಾಣದ ವಿದ್ಯಾರ್ಥಿ ಸೇರಿದ್ದಾನೆ, ನಮ್ಮ ವಿಭಾಗ ಏನು ಮಾಡಬೇಕು?

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ಕನ್ನಡ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಈ ವರ್ಷ ಎಂ.ಎ.ಗೆ ಕಣ್ಣು ಕಾಣದ ಹುಡುಗನೊಬ್ಬ ಸೇರಿದ್ದಾನೆ. ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ಜಾಗೃತಿ ಕಾರ್ಯಕ್ರಮ ಮಾಡೋಣ ಅಂದುಕೊಂಡಿದ್ದೇವೆ. ಅದು ಬಿಟ್ಟು ಇನ್ನೇನು ಮಾಡಬಹುದು? ವಿಭಾಗದಲ್ಲಿ ದುಡ್ಡು ಜಾಸ್ತಿ ಇಲ್ಲ.

ಉತ್ತರ: ಡಿಸೆಂಬರ್‌ವರೆಗೆ ಕಾಯಬೇಡಿ. ಇವತ್ತೇ ನಿಮ್ಮ ನೋಟ್ಸ್ ಫೈಲ್ ತೆರೆಯಿರಿ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಫೋನ್‌ಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ವ್ಯವಸ್ಥೆ, ತೊಂದರೆ ಇಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದರೆ ಅದು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟ್.

ಇದನ್ನೇ ಮೊದಲು ಹೇಳಲು ಕಾರಣ ಇದೆ. ಆ ಹುಡುಗ ಓದುವುದು ಸ್ಕ್ರೀನ್ ರೀಡರ್ ಮೂಲಕ, ಅಂದರೆ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ಮೂಲಕ. ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ, ಫೋನ್‌ನಲ್ಲಿ ಟಾಕ್‌ಬ್ಯಾಕ್, ಎರಡೂ ಉಚಿತ, ಎರಡರಲ್ಲೂ ಕನ್ನಡ ಕೇಳಬಹುದು. ಆದರೆ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ಇರುವುದು ನಮ್ಮ ಕಣ್ಣಿಗೆ ಮಾತ್ರ. ಒಳಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ನೀವು ಪಂಪನ ಪದ್ಯ ಓದುತ್ತಿರುವಾಗ ಅವನ ಕಿವಿಗೆ ಬೀಳುವುದು ಬರೀ ಗೊಂದಲದ ಸದ್ದು. ಎಷ್ಟೋ ವರ್ಷದ ಒಳ್ಳೆಯ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು ಹೀಗೆ ಅವನ ಪಾಲಿಗೆ ಮುಚ್ಚಿಹೋಗಿವೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಯಾಕೆಂದರೆ ಸರಿಪಡಿಸಲು ಒಂದು ರೂಪಾಯಿಯೂ ಬೇಕಿಲ್ಲ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ನೋಡಿಕೊಳ್ಳಿ, ಹಳಗನ್ನಡದ ಪಠ್ಯವಾದರೆ ಇನ್ನೂ ಜೋಪಾನ.

ಪುಸ್ತಕದ ಪುಟಗಳನ್ನು ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸುವುದೂ ಇದೇ ಕಥೆ. ಅದು ಚಿತ್ರ, ಅಕ್ಷರ ಅಲ್ಲ. ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳು ತಕ್ಕಮಟ್ಟಿಗೆ ಸರಿಯಾಗಿ ಬರುತ್ತವೆ. ತಿದ್ದುವ ಕೆಲಸವನ್ನು ಸಹಪಾಠಿಗಳು ಹಂಚಿಕೊಳ್ಳಬಹುದು. ಇದಕ್ಕೆ ಕಾಪಿರೈಟ್ ಅಡ್ಡಿ ಬರುತ್ತಾ ಅಂತ ಗ್ರಂಥಾಲಯದವರು ಕೇಳಬಹುದು. 2012ರ ತಿದ್ದುಪಡಿಯ ನಂತರ, ಅಂಗವೈಕಲ್ಯ ಇರುವವರ ಓದಿಗೆ ಬೇಕಾದ ರೂಪದಲ್ಲಿ ಪುಸ್ತಕ ಸಿದ್ಧಪಡಿಸಲು ನಮ್ಮ ಕಾಪಿರೈಟ್ ಕಾಯ್ದೆಯೇ ಅವಕಾಶ ಕೊಟ್ಟಿದೆ.

ತರಗತಿಯಲ್ಲಿ ಒಂದೇ ಬದಲಾವಣೆ ಸಾಕು. ಬೋರ್ಡ್ ತೋರಿಸಿ "ಇಲ್ಲಿಂದ ಇಲ್ಲಿಗೆ ಲಘು, ಇಲ್ಲಿ ಗುರು ಬರುತ್ತೆ" ಅನ್ನುತ್ತೇವಲ್ಲ, ಆ "ಇಲ್ಲಿ" ಅವನಿಗೆ ಎಲ್ಲಿಯೂ ಅಲ್ಲ. ಅಕ್ಷರವನ್ನೇ ಬಾಯಿಬಿಟ್ಟು ಹೇಳಿ. ಹಿಂದಿನ ಬೆಂಚಿನಲ್ಲಿ ಬೋರ್ಡ್ ಕಾಣದವರಿಗೂ ಅನುಕೂಲ. ನಡೆಸಿಕೊಂಡು ಹೋಗುವಾಗ ತೋಳು ಹಿಡಿದು ಎಳೆಯಬಾರದು. ಕೇಳಿ, ಬೇಕೆಂದರೆ ಅವನೇ ನಿಮ್ಮ ಮೊಣಕೈ ಹಿಡಿಯುತ್ತಾನೆ.

ಇನ್ನು ಕಾರ್ಯಕ್ರಮ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ದಯವಿಟ್ಟು ಬೇಡ. ಐದು ನಿಮಿಷ ತಡವರಿಸಿದವರು ಹೊತ್ತುಕೊಂಡು ಹೋಗುವುದು ಭಯ, ಅಯ್ಯೋ ಪಾಪ ಅನ್ನುವ ಭಾವ. ಬಿಳಿ ಕೋಲು ಹಿಡಿದು ವರ್ಷಗಟ್ಟಲೆ ಓಡಾಡಿದವನ ಕೌಶಲ ಅದರಲ್ಲಿ ಗೊತ್ತಾಗುವುದೇ ಇಲ್ಲ. ಬದಲಿಗೆ ಅಂಗವೈಕಲ್ಯ ಇರುವ ವಿದ್ಯಾರ್ಥಿಗಳು ಮಾತಾಡಲಿ, ಕುಲಸಚಿವರು ಬರೆದುಕೊಳ್ಳಲಿ. ರ‍್ಯಾಂಪ್‌ನ ಬುಡದಲ್ಲಿ ಬೈಕ್ ನಿಲ್ಲಿಸುವುದು, ಗಾಲಿಕುರ್ಚಿ ಹೋಗದ ಶೌಚಾಲಯದ ಬಾಗಿಲು, ಇಂಥವು ಆಗ ಹೊರಗೆ ಬರುತ್ತವೆ. ಆದರೆ ಯಾರನ್ನೂ ಬಲವಂತವಾಗಿ ವೇದಿಕೆಗೆ ಹತ್ತಿಸಬೇಡಿ, "ಅಂಗವೈಕಲ್ಯ ಇರುವವರು ಎದ್ದು ನಿಲ್ಲಿ" ಅಂತ ತರಗತಿಯಲ್ಲಿ ಕರೆಯಬೇಡಿ. ಅಂಗವಿಕಲರ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಮಾತ್ರ ಇತ್ತು. ಅದರ ಬದಲಿಗೆ ಬಂದ 2016ರ ಕಾಯ್ದೆಯಲ್ಲಿ 21 ಇವೆ. ಕಲಿಕಾ ತೊಂದರೆ, ಆಟಿಸಂ, ಮಾನಸಿಕ ಕಾಯಿಲೆ, ಹಿಮೋಫಿಲಿಯಾ ಕೂಡ ಆ ಪಟ್ಟಿಯಲ್ಲಿವೆ. ನೋಡಿದರೆ ಗೊತ್ತಾಗದವರು ನಿಮ್ಮ ತರಗತಿಯಲ್ಲೂ ಇರಬಹುದು.

ಅದೇ ಕಾಯ್ದೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಮೀಸಲಿಟ್ಟಿದೆ. ವಿದ್ಯಾರ್ಥಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡಲು ನಿರಾಕರಿಸಿದರೆ ಅದನ್ನು ತಾರತಮ್ಯ ಎಂದೇ ಪರಿಗಣಿಸುತ್ತದೆ. ಅಂದರೆ ಇದು ನಾವು ಮಾಡುವ ಉಪಕಾರ ಅಲ್ಲ, ಅವನ ಹಕ್ಕು.

ಪರೀಕ್ಷೆಯ ವಿಚಾರವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಶೇ. 40ಕ್ಕಿಂತ ಕಡಿಮೆ ಅಂಗವೈಕಲ್ಯ ಇದ್ದರೂ ಬರೆಯಲು ಕಷ್ಟವಿರುವವರಿಗೆ ಸ್ಕ್ರೈಬ್ (ಹೇಳಿದ ಉತ್ತರವನ್ನು ಬರೆದುಕೊಡುವವರು) ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಪರೀಕ್ಷಾ ವಿಭಾಗಕ್ಕೆ ಅವನ ಅರ್ಜಿಯ ಜೊತೆ ನಿಮ್ಮದೊಂದು ಪತ್ರ ಈಗಲೇ ಹೋಗಲಿ. ನೆಲಮಹಡಿಯಲ್ಲಿ ಬೇರೆ ಕೋಣೆ ಕೇಳಿ, ಹೇಳಿ ಬರೆಸುವಾಗ ಪಕ್ಕದವರಿಗೆ ತೊಂದರೆ ಆಗಬಾರದು, ಅವನಿಗೂ ದನಿ ತಗ್ಗಿಸುವ ಕಷ್ಟ ಇರಬಾರದು. ಹಳಗನ್ನಡ ಪದ್ಯವನ್ನು ಹೇಳಿ ಬರೆಸುವುದು ಸುಲಭವಲ್ಲ. ಹಾಗಾಗಿ ಕಿರುಪರೀಕ್ಷೆಗಳನ್ನೂ ಅವನು ಸ್ಕ್ರೈಬ್ ಜೊತೆಯೇ ಬರೆಯುವಂತೆ ಮಾಡಿ, ಹೆಚ್ಚುವರಿ ಸಮಯ ಅಲ್ಲಿಯೂ ಕೊಡಿ.